ಕಣ್ತಪ್ಪು ಮತ್ತು ಎರಡನೆಯ ಪರದೆ

ಇತ್ತೀಚೆಗೆ ನಮ್ಮ ಮನೆಗೆ ಬರುವವರೆಲ್ಲರೂ ಕಾಫಿ ಲೋಟ ಕೈಗೆ ತೆಗೆದುಕೊಳ್ಳುವ ಮೊದಲೇ ಕೇಳುವ ಪ್ರಶ್ನೆಯೊಂದಿದೆ. ನನ್ನ ಬರೆಯುವ ಮೇಜಿನ ಮೇಲೆ ಎರಡು ಮಾನಿಟರುಗಳು ಒಂದರ ಪಕ್ಕದಲ್ಲೊಂದು ಕುಳಿತಿವೆ. ಒಂದು ಅಗಲವಾದದ್ದು, ಇನ್ನೊಂದು ಹಳೆಯ ಕಾಲದ ಚೌಕಾಕಾರದ್ದು. ಎರಡರ ಬಣ್ಣವೂ ಬೇರೆ, ಎತ್ತರವೂ ಬೇರೆ. ಗಿಡ್ಡದರ ಕೆಳಗೆ ಹಳೆಯ ಪಂಚಾಂಗಗಳನ್ನು ಪೇರಿಸಿ ಸರಿಮಾಡಿದ್ದೇನೆ. “ಏನು ಮೇಷ್ಟ್ರೇ, ಈ ವಯಸ್ಸಿನಲ್ಲಿ ಷೇರುಪೇಟೆಗೆ ಇಳಿದಿರಾ?” ಎಂದು ಹಳೆಯ ಸಹೋದ್ಯೋಗಿಯೊಬ್ಬರು ನಕ್ಕರು. ತಂಗಿಯ ಮೊಮ್ಮಗನಂತೂ “ಅಜ್ಜಾ, ಇದ್ರಲ್ಲಿ ಯಾವ ಗೇಮ್ ಆಡ್ತೀಯಾ?” ಎಂದು ಕೇಳಿ, ಯಾವುದೂ ಇಲ್ಲವೆಂದು ತಿಳಿದು ಬಹಳ ನಿರಾಶನಾದ.

ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಉತ್ತರ ಹೇಳುವುದಕ್ಕಿಂತ ಇಲ್ಲಿ ಬರೆದುಬಿಡುವುದು ಲೇಸೆನ್ನಿಸಿತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದನ್ನು ನೋಡಿ ಇನ್ನೊಂದನ್ನು ಬರೆಯುವ ಕೆಲಸ ಯಾರಿಗಿದೆಯೋ, ಅಂದರೆ ನಕಲು ಮಾಡುವವರು, ಕರಡು ತಿದ್ದುವವರು, ಲೆಕ್ಕ ತಾಳೆ ನೋಡುವವರು, ಅನುವಾದಕರು, ಇವರಿಗೆ ಎರಡನೆಯ ಪರದೆ ಭೋಗದ ವಸ್ತುವಲ್ಲ, ಉಪಕರಣ. ಅದಕ್ಕಾಗಿ ಹೊಸ ಗಣಕಯಂತ್ರವನ್ನು ಕೊಳ್ಳಬೇಕಾಗಿಯೂ ಇಲ್ಲ. ನಿಮ್ಮ ಮನೆಯಲ್ಲಿರುವ ಸಾಧಾರಣ ಯಂತ್ರವೇ ಬಹುಮಟ್ಟಿಗೆ ಸಾಕು. ಈ ಮಾತನ್ನು ನಾನು ಕಂಪ್ಯೂಟರ್ ತಜ್ಞನಾಗಿ ಹೇಳುತ್ತಿಲ್ಲ. ಒಂದು ತಪ್ಪು ಮಾಡಿದವನಾಗಿ ಹೇಳುತ್ತಿದ್ದೇನೆ.

ಆ ತಪ್ಪಿನ ಕತೆ ನಮ್ಮ ಬಂಧುಗಳಲ್ಲಿ ಕೆಲವರಿಗೆ ಗೊತ್ತು. ನಮ್ಮ ಮೂಲ ಊರು ಸಾಗರ ತಾಲ್ಲೂಕಿನಲ್ಲಿತ್ತು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಅದು ಮುಳುಗಿತು. ಊರು ಬಿಡುವ ಮೊದಲಿನ ಒಂದೆರಡು ವರ್ಷಗಳಲ್ಲಿ ನಮ್ಮ ತಂದೆಯವರು ಎರಡು ದಪ್ಪ ನೋಟು ಪುಸ್ತಕಗಳಲ್ಲಿ ಊರಿನ ವಿವರಗಳನ್ನು ಬರೆದಿಟ್ಟರು. ಯಾವ ಮನೆಯಲ್ಲಿ ಎಷ್ಟು ಜನ, ಯಾರ ತೋಟದಲ್ಲಿ ಎಷ್ಟು ಅಡಕೆ ಮರ, ಯಾವ ಬಾವಿಗೆ ಬೇಸಗೆಯಲ್ಲೂ ನೀರು, ಯಾವ ಮನೆಯವರು ಯಾವ ದಿಕ್ಕಿಗೆ ಹೋದರು ಎಂಬುದೆಲ್ಲ ಅದರಲ್ಲಿದೆ. ಸರಕಾರದ ದಾಖಲೆಗೆ ಬೇಕಾದದ್ದು ಸರ್ವೆ ನಂಬರು. ತಂದೆಯವರಿಗೆ ಬೇಕಾಗಿದ್ದದ್ದು ಮನುಷ್ಯರು. ಶಾಯಿ ಮಸುಕಾಗುತ್ತ ಬಂದದ್ದರಿಂದ, ನಿವೃತ್ತಿಯ ನಂತರ ಮಾಡಲೇಬೇಕಾದ ಕೆಲಸವೆಂದು ಅದನ್ನು ಹಚ್ಚಿಕೊಂಡೆ. ಮೊಮ್ಮಗಳು ಪುಟಪುಟವನ್ನೂ ಛಾಯಾಚಿತ್ರ ತೆಗೆದು ಗಣಕಕ್ಕೆ ಹಾಕಿಕೊಟ್ಟಳು. ನಾನು ಅದನ್ನು ನೋಡಿ ನೋಡಿ ಟೈಪು ಮಾಡಿ, ಬಂಧುಗಳಿಗಾಗಿ ನಲವತ್ತು ಪ್ರತಿಗಳ ಚಿಕ್ಕ ಪುಸ್ತಕವೊಂದನ್ನು ಮಾಡಿಸಿ ಹಂಚಿದೆ.

ಒಂದು ವಾರದ ಮೇಲೆ ಹೊಸನಗರದಿಂದ ನಮ್ಮ ದೂರದ ಸಂಬಂಧದ ತಂಗಿಯೊಬ್ಬಳು ದೂರವಾಣಿ ಮಾಡಿದಳು. ಅವಳಿಗೂ ಎಪ್ಪತ್ತರ ಹತ್ತಿರ. ಕುಶಲ ವಿಚಾರಿಸಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಣ್ಣಯ್ಯಾ, ಪುಸ್ತಕ ಎರಡು ಸಲ ಓದಿದೆ. ನಮ್ಮ ಅಮ್ಮ ಇಲ್ಲವಲ್ಲ?” ಎಂದಳು.

ಮೂಲವನ್ನು ತೆಗೆದು ನೋಡಿದೆ. ಇದ್ದರು. ಒಂದರ ಕೆಳಗೊಂದು ಎರಡು ಸಾಲುಗಳು “ಕೆಳಗಿನಮನೆ” ಎಂಬ ಒಂದೇ ಪದದಿಂದ ಆರಂಭವಾಗಿದ್ದವು. ಮೊದಲ ಸಾಲು ಯಜಮಾನರದು; ಎರಡನೆಯದು ಅದೇ ಹಿತ್ತಲಿನಲ್ಲಿ ಬೇರೆ ಒಲೆ ಹೂಡಿಕೊಂಡು ಮಗಳೊಬ್ಬಳನ್ನು ಸಾಕುತ್ತಿದ್ದ ವಿಧವೆಯದು. ನಾನು ಮೊದಲ ಸಾಲನ್ನು ಬರೆದು, ಮತ್ತೆ ಮೂಲಕ್ಕೆ ಬಂದಾಗ ಕಣ್ಣು ಎರಡನೆಯ “ಕೆಳಗಿನಮನೆ”ಯ ಮೇಲೆ ಬಿದ್ದಿದೆ. ಇದನ್ನು ಬರೆದಾಯಿತೆಂದುಕೊಂಡು ಮೂರನೆಯ ಸಾಲಿಗೆ ಹೋಗಿದ್ದೇನೆ. ಆ ತಾಯಿಯ ಹೆಸರಿನಲ್ಲಿ ಜಮೀನಿರಲಿಲ್ಲ, ಪರಿಹಾರದ ಪಟ್ಟಿಯಲ್ಲಿ ಹೆಸರಿರಲಿಲ್ಲ, ಒಂದು ಫೋಟೋ ಕೂಡ ಉಳಿದಿಲ್ಲ. ಅವರು ಇದ್ದರೆಂಬುದಕ್ಕೆ ನಾನು ಬಲ್ಲಂತೆ ನಮ್ಮ ತಂದೆಯವರ ಆ ಒಂದು ಸಾಲೇ ಸಾಕ್ಷಿ. ಅದನ್ನೇ ನಾನು ಹಾರಿಸಿದ್ದೆ.

ಕನ್ನಡದಲ್ಲಿ ಇದಕ್ಕೆ ಕಣ್ತಪ್ಪು ಎಂಬ ಸೊಗಸಾದ ಮಾತಿದೆ. ತಾಳೆಗರಿಯ ಕಾಲದ ಲಿಪಿಕಾರರಿಗೂ ಇದು ಗೊತ್ತಿತ್ತು. ಮೂಲದಲ್ಲಿ ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ಕ್ಷಮಿಸಿ ಎಂಬ ಅರ್ಥದ ಮಾತನ್ನು ಅವರು ಪ್ರತಿಯ ಕೊನೆಯಲ್ಲಿ ಬರೆಯುವ ವಾಡಿಕೆಯಿತ್ತು. ಹಸ್ತಪ್ರತಿಗಳನ್ನು ಸಂಪಾದಿಸುವ ವಿದ್ವಾಂಸರು ಎದುರಿಸುವ ಪಾಠಾಂತರಗಳಲ್ಲಿ ಎಷ್ಟೋ ಹುಟ್ಟುವುದು ಹೀಗೆಯೇ, ಒಂದೇ ಬಗೆಯ ಆರಂಭವುಳ್ಳ ಎರಡು ಸಾಲುಗಳ ನಡುವೆ ಕಣ್ಣು ಜಾರುವುದರಿಂದ.

ಆದರೆ ನನ್ನ ಕಣ್ಣು ಜಾರುವುದಕ್ಕೆ ನನ್ನ ಗಣಕದ ಪರದೆಯೂ ಸಹಾಯ ಮಾಡಿತ್ತು. ಇದ್ದದ್ದು ಒಂದೇ ಪರದೆ, ಹದಿನೆಂಟೂವರೆ ಇಂಚಿನದು. ಅದರಲ್ಲಿ ತಂದೆಯವರ ಪುಟವನ್ನು ಓದುವಷ್ಟು ದೊಡ್ಡದು ಮಾಡಿದರೆ ಟೈಪು ಮಾಡುವುದಕ್ಕೆ ಜಾಗವಿಲ್ಲ. ಆದ್ದರಿಂದ ಒಂದು ಸಾಲು ಓದುವುದು, ಕಿಟಕಿ ಬದಲಿಸುವುದು, ನೆನಪಿನಿಂದ ಬರೆಯುವುದು, ಮತ್ತೆ ಕಿಟಕಿ ಬದಲಿಸಿ ಎಲ್ಲಿದ್ದೆನೆಂದು ಹುಡುಕುವುದು. ಒಂದು ಪುಟಕ್ಕೆ ಇಪ್ಪತ್ತೈದು ಸಾಲೆಂದರೆ ಇಪ್ಪತ್ತೈದು ಸಲ ಮೂಲ ಕಣ್ಮರೆಯಾಗುತ್ತದೆ, ಮತ್ತೆ ಕಾಣಿಸುತ್ತದೆ. ಎಪ್ಪತ್ತು ದಾಟಿದವನ ನೆನಪನ್ನು ದಿನಕ್ಕೆ ಐನೂರು ಸಲ ಪರೀಕ್ಷೆಗೆ ಒಡ್ಡಿದರೆ ಒಂದು ಸಲ ಅದು ಫೇಲಾಗುವುದರಲ್ಲಿ ಆಶ್ಚರ್ಯವೇನಿದೆ?

ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು: ವಾರ್ಷಿಕ ಪರೀಕ್ಷೆಯ ಅಂಕಗಳನ್ನು ದೊಡ್ಡ ಪುಸ್ತಕಕ್ಕೆ ಏರಿಸುವಾಗ ಸಿಬ್ಬಂದಿ ಕೊಠಡಿಯಲ್ಲಿ ನಾವು ಇಬ್ಬಿಬ್ಬರು ಕೂರುತ್ತಿದ್ದೆವು. ಒಬ್ಬರು ಕೂಗುವುದು, ಇನ್ನೊಬ್ಬರು ಬರೆಯುವುದು. ಅಚ್ಚುಕೂಟಗಳಲ್ಲೂ ಅಷ್ಟೆ, ಒಬ್ಬ ಮೂಲಪ್ರತಿ ಹಿಡಿದು ಓದಿದರೆ ಇನ್ನೊಬ್ಬ ಕರಡು ತಿದ್ದುತ್ತಿದ್ದ. ಈ ಪದ್ಧತಿಯ ಗುಟ್ಟೇನೆಂದರೆ, ಮೂಲದ ಮೇಲಿನ ಕಣ್ಣು ಮೂಲವನ್ನು ಬಿಡುವುದಿಲ್ಲ, ನಕಲಿನ ಮೇಲಿನ ಕಣ್ಣು ನಕಲನ್ನು ಬಿಡುವುದಿಲ್ಲ. ಮನೆಯಲ್ಲಿ ಒಬ್ಬನೇ ಕೂತು ಬರೆಯುವವನಿಗೆ ಎರಡನೆಯ ಮನುಷ್ಯ ಸಿಗುವುದಿಲ್ಲ. ಆದರೆ ಎರಡನೆಯ ಪರದೆ ಸಿಗುತ್ತದೆ.

ಬೆಂಗಳೂರಿನಲ್ಲಿರುವ ಮಗಳು, “ಅಪ್ಪಾ, ಆ ಹಳೇ ಡಬ್ಬಾನ ಗುಜರಿಗೆ ಹಾಕಿ, ಹೊಸ ಲ್ಯಾಪ್‌ಟಾಪ್ ಕಳಿಸ್ತೀನಿ” ಎಂದಳು. ಅವಳ ಪ್ರೀತಿ ದೊಡ್ಡದು. ಆದರೆ ಲ್ಯಾಪ್‌ಟಾಪಿನ ಪರದೆ ಇನ್ನೂ ಚಿಕ್ಕದು. ಎರಡೂ ಕಣ್ಣುಗಳಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಗಿರುವ ನನಗೆ ಅದು ಹೊಂದುವುದಿಲ್ಲ. ಮೇಲಾಗಿ ಆ ‘ಹಳೇ ಡಬ್ಬ’ ಅವಳೇ 2013ರಲ್ಲಿ ತನ್ನ ಸಂಬಳದಿಂದ ಕೊಡಿಸಿದ್ದು. ಅಂದಿನ ಕಾಲದ ಇಂಟೆಲ್ ಐ3, ಅದರಲ್ಲಿ ಮೂರನೆಯ ತಲೆಮಾರಿನ ಪ್ರೊಸೆಸರ್. ಅತಿ ಅಗ್ಗದ ಮದರ್‌ಬೋರ್ಡ್. ಟೈಪು ಮಾಡುವುದಕ್ಕೂ ಮಿಂಚಂಚೆಗೂ ಅದಕ್ಕಿಂತ ಹೆಚ್ಚು ಬೇಡ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಮಕ್ಕಳಿಗೆ ಪಾಠ ಹೇಳಿದವನು ನಾನು. ಮೊದಲು ಹಾಸಿಗೆಯ ಉದ್ದವನ್ನೇ ಅಳೆದು ನೋಡೋಣವೆಂದುಕೊಂಡೆ.

ಶಿವಮೊಗ್ಗೆಯ ದುರ್ಗಿಗುಡಿಯ ಬಳಿ ನನ್ನ ವಿದ್ಯಾರ್ಥಿಯೊಬ್ಬ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಯಾವುದೋ ಕಚೇರಿಯವರು ಬದಲಾಯಿಸಿ ಹಾಕಿದ ಹತ್ತೊಂಬತ್ತು ಇಂಚಿನ ಚೌಕಾಕಾರದ ಮಾನಿಟರುಗಳು ಅವನ ಅಟ್ಟದಲ್ಲಿ ಧೂಳು ತಿನ್ನುತ್ತಿದ್ದವು. ಅಗಲದ ಪರದೆ ಸಿನಿಮಾಕ್ಕೆ ಸರಿ, ಪುಸ್ತಕದ ಪುಟಕ್ಕೆ ಸರಿಯಲ್ಲ. ನನ್ನ ಅಗಲ ಪರದೆಯಲ್ಲಿ ಎತ್ತರಕ್ಕೆ 768 ಚುಕ್ಕೆಗಳಾದರೆ, ಅದಕ್ಕಿಂತ ಹಳೆಯದಾದ ಈ ಚೌಕದ ಪರದೆಯಲ್ಲಿ 1024. ತಂದೆಯವರ ನೋಟು ಪುಸ್ತಕದ ಪುಟವೊಂದು ಅದರಲ್ಲಿ ಹೆಚ್ಚು ಕಡಿಮೆ ಪೂರ್ತಿಯಾಗಿ ನಿಲ್ಲುತ್ತದೆ. ದುಡ್ಡು ಬೇಡವೆಂದ, ನಾನು ಒಪ್ಪಲಿಲ್ಲ. ಸಾವಿರದ ಇನ್ನೂರು ರೂಪಾಯಿ ಕೊಟ್ಟು ತಂದೆ.

ಇನ್ನು ಅದನ್ನು ಜೋಡಿಸುವುದು ಎಲ್ಲಿಗೆ? ಗಣಕದ ಬೆನ್ನು ತಿರುಗಿಸಿ ನೋಡಿದರೆ ಪರದೆಗೆಂದು ಇದ್ದದ್ದು ಒಂದೇ ಕಿಂಡಿ, ನೀಲಿ ಬಣ್ಣದ, ಹದಿನೈದು ತೂತುಗಳ ವಿಜಿಎ. 1987ರಲ್ಲಿ ಐಬಿಎಂ ಕಂಪನಿ ತಂದ ಈ ಪದ್ಧತಿ ಇಷ್ಟು ದಶಕಗಳ ನಂತರವೂ ಹಳೆಯ ಯಂತ್ರಗಳಲ್ಲಿ ಉಸಿರಾಡುತ್ತಿದೆ. ನನ್ನ ಎರಡು ಮಾನಿಟರುಗಳಿಗೂ ಗೊತ್ತಿರುವುದು ಅದೊಂದೇ ಭಾಷೆ.

ಇಲ್ಲಿ ನಾನು ಮಾಡಿದ ತಪ್ಪುಗಳನ್ನು ಕ್ರಮವಾಗಿ ಹೇಳುತ್ತೇನೆ. ನೀವು ಅವುಗಳನ್ನು ಮತ್ತೆ ಮಾಡಬೇಕಾಗಿಲ್ಲ. ಮೊದಲನೆಯದು, ಒಂದು ತುದಿ ಎರಡಾಗಿ ಕವಲೊಡೆಯುವ ಕೇಬಲನ್ನು ತಂದದ್ದು. ಎರಡೂ ಪರದೆಗಳು ಹೊತ್ತಿಕೊಂಡವು, ನಿಜ. ಆದರೆ ಎರಡರಲ್ಲೂ ಒಂದೇ ಚಿತ್ರ. ಒಂದು ಕಿಂಡಿಯಿಂದ ಹೊರಡುವುದು ಒಂದೇ ಚಿತ್ರ. ಕೇಬಲನ್ನು ಎಷ್ಟು ಕವಲು ಮಾಡಿದರೂ ಅದು ಎರಡಾಗುವುದಿಲ್ಲ. ಒಬ್ಬ ಮೇಷ್ಟರು ಬಾಗಿಲಲ್ಲಿ ನಿಂತು ಎರಡು ತರಗತಿಗಳಿಗೆ ಒಂದೇ ಪಾಠ ಹೇಳಬಹುದು, ಎರಡು ಪಾಠ ಹೇಳಲಾರರು.

ಎರಡು ಬೇರೆ ಬೇರೆ ಚಿತ್ರಗಳು ಬೇಕಾದರೆ ಎರಡು ಹೊರದಾರಿಗಳು ಬೇಕು. ಅದಕ್ಕಾಗಿ ಬಳಸಿದ ಗ್ರಾಫಿಕ್ಸ್ ಕಾರ್ಡೊಂದನ್ನು ಕೊಂಡೆ. ಹುಡುಗರು ಆಟಕ್ಕಾಗಿ ಹತ್ತಾರು ಸಾವಿರ ಸುರಿದು ಕೊಳ್ಳುವ ಕಾರ್ಡಲ್ಲ. ಅಂಗೈ ಉದ್ದದ, ಫ್ಯಾನೂ ಇಲ್ಲದ, ಇಪ್ಪತ್ತು ವ್ಯಾಟಿನ ಆಸುಪಾಸಿನಲ್ಲಿ ನಡೆಯುವ ಬಡವರ ಕಾರ್ಡು. ಮದರ್‌ಬೋರ್ಡಿನ ಉದ್ದನೆಯ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟು 75 ವ್ಯಾಟಿನವರೆಗೆ ಕೊಡಬಲ್ಲದಾದ್ದರಿಂದ ಇಂಥ ಕಾರ್ಡಿಗೆ ಪ್ರತ್ಯೇಕ ವಿದ್ಯುತ್ ತಂತಿಯಾಗಲಿ, ಹೊಸ ಪವರ್ ಸಪ್ಲೈ ಆಗಲಿ ಬೇಡ. ಅದರಲ್ಲಿ ವಿಜಿಎ, ಡಿವಿಐ, ಎಚ್‌ಡಿಎಂಐ ಎಂದು ಮೂರು ಕಿಂಡಿಗಳಿದ್ದವು. ನಿಮ್ಮ ಮಾನಿಟರುಗಳು ಸ್ವಲ್ಪ ಹೊಸವಾಗಿದ್ದರೆ ಇಂಥ ಒಂದೇ ಕಾರ್ಡು ಎರಡನ್ನೂ ನಡೆಸುತ್ತದೆ. ಕತೆ ಅಲ್ಲಿಗೇ ಮುಗಿಯುತ್ತದೆ. ನನ್ನವು ಹಳೆಯವು. ಎಚ್‌ಡಿಎಂಐ ಅಂಕಿಗಳ ಭಾಷೆ ಆಡುತ್ತದೆ, ವಿಜಿಎ ವಿದ್ಯುತ್ ಅಲೆಗಳ ಭಾಷೆ ಆಡುತ್ತದೆ. ನಡುವೆ ದುಭಾಷಿಯಂಥ ಪರಿವರ್ತಕವೊಂದು ಬೇಕು, ಬರಿಯ ಕೇಬಲ್ ಸಾಲದು. ನಾನು ತಂದ ಅಗ್ಗದ ಪರಿವರ್ತಕ ಅರ್ಧ ಗಂಟೆಗೊಮ್ಮೆ ಕಣ್ಣು ಮಿಟುಕಿಸುತ್ತಿತ್ತು. ಹೀಗಾಗಿ ಕಾರ್ಡಿನ ವಿಜಿಎ ಒಂದು ಪರದೆಗೆ, ಮದರ್‌ಬೋರ್ಡಿನ ವಿಜಿಎ ಇನ್ನೊಂದಕ್ಕೆ ಎಂದು ಲೆಕ್ಕ ಹಾಕಿದೆ.

ಲೆಕ್ಕ ಸರಿ, ಉತ್ತರ ತಪ್ಪು. ಕಾರ್ಡು ಕೂರಿಸಿದ ಕೂಡಲೇ ಮದರ್‌ಬೋರ್ಡಿನ ಕಿಂಡಿ ಸತ್ತುಹೋಯಿತು. “ಕಾರ್ಡ್ ಹಾಕಿದ್ರೆ ಒಳಗಿಂದು ಆಫ್ ಆಗತ್ತೆ ಸಾರ್, ಅದು ಹಾಗೇ. ಇನ್ನೊಂದು ಕಾರ್ಡ್ ಹಾಕೋಣ” ಎಂದು ನನ್ನ ಶಿಷ್ಯ ಒಂದು ಹಳೆಯ ಕಾರ್ಡನ್ನು ಹುಡುಕಿ ತೆಗೆದ. ನನ್ನ ಬೋರ್ಡಿನಲ್ಲಿ ಉದ್ದನೆಯ ಸ್ಲಾಟು ಒಂದೇ. ಉಳಿದದ್ದು ಬಿಳಿಯ, ಹಳೆಯ ಪದ್ಧತಿಯ ಪಿಸಿಐ ಸ್ಲಾಟು. ಅದರ ದಾರಿ ಕಿರಿದು, ಸೆಕೆಂಡಿಗೆ ಹೆಚ್ಚೆಂದರೆ 133 ಮೆಗಾಬೈಟ್. ಚಲನಚಿತ್ರ ಅದರಲ್ಲಿ ಕುಂಟುತ್ತದೆ. ಆದರೆ ಕದಲದೆ ನಿಂತಿರುವ ಪುಟವೊಂದನ್ನು ತೋರಿಸುವುದಕ್ಕೆ ಧಾರಾಳವಾಗಿ ಸಾಕು. ಹಾಗಾಗಿ ಆ ಯೋಚನೆ ತಪ್ಪಾಗಿರಲಿಲ್ಲ.

ತಪ್ಪಿದ್ದದ್ದು ಬೇರೆಡೆ. ಎರಡೂ ಕಾರ್ಡುಗಳು ಒಂದೇ ಕಂಪನಿಯವು, ಆದರೆ ಬೇರೆ ಬೇರೆ ತಲೆಮಾರಿನವು. ಕಾರ್ಡನ್ನು ಆಡಿಸುವುದಕ್ಕೆ ಡ್ರೈವರ್ ಎಂಬ ತಂತ್ರಾಂಶ ಬೇಕಷ್ಟೆ. ಹಳೆಯ ಕಾರ್ಡಿಗೆ ಹೊಸ ಡ್ರೈವರ್ ಆಗದು, ಹೊಸದಕ್ಕೆ ಹಳೆಯದು ಆಗದು. ಒಂದೇ ಕಂಪನಿಯ ಎರಡು ಡ್ರೈವರುಗಳು ನನ್ನ ಗಣಕದಲ್ಲಿ ಒಟ್ಟಿಗೆ ನಿಲ್ಲಲೂ ಇಲ್ಲ. ಒಂದನ್ನು ಸ್ಥಾಪಿಸಿದರೆ ಇನ್ನೊಂದು ಮುನಿಸಿಕೊಳ್ಳುತ್ತಿತ್ತು. ಒಂದೇ ಒಲೆಗೆ ಅತ್ತೆ ಸೊಸೆ ಇಬ್ಬರೂ ಕೈ ಹಾಕಿದಂತಾಯಿತು. ಮೂರು ದಿನ ಅವನೂ ನಾನೂ ಇದರೊಡನೆ ಗುದ್ದಾಡಿದೆವು.

ಕೊನೆಗೆ ದಾರಿ ತೋರಿಸಿದ್ದು ಪುಸ್ತಕ. ಮಗಳು ಗಣಕ ತಂದ ದಿನದ ಪೆಟ್ಟಿಗೆಯಲ್ಲಿ ಮದರ್‌ಬೋರ್ಡಿನ ಕೈಪಿಡಿಯೊಂದಿತ್ತು. ಯಾವ ಪುಸ್ತಕವನ್ನೂ ಎಸೆಯದ ನನ್ನ ದುರಭ್ಯಾಸದಿಂದ ಅದು ಬೀರುವಿನಲ್ಲಿ ಉಳಿದಿತ್ತು. ಕನ್ನಡಕ ಏರಿಸಿ ಮೊದಲ ಪುಟದಿಂದ ಓದಿದೆ. ಗಣಕ ಏಳುವ ಮೊದಲಿನ ಸಿದ್ಧತೆಗಳನ್ನು ಇಟ್ಟಿರುವ ಬಯೋಸ್ ಎಂಬ ಪುಟದಲ್ಲಿ, ಬೇರೆ ಕಾರ್ಡು ಇದ್ದರೂ ಒಳಗಿನ ಗ್ರಾಫಿಕ್ಸನ್ನು ಸದಾ ಚಾಲನೆಯಲ್ಲಿ ಇಡುವ ಆಯ್ಕೆಯೊಂದಿದೆ ಎಂದು ಅದರಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು. ಹಳೆಯ ಕಾರ್ಡನ್ನು ಕಿತ್ತು ಪಕ್ಕಕ್ಕಿಟ್ಟು, ಆ ಆಯ್ಕೆಯನ್ನು ಬದಲಿಸಿ, ಗಣಕವನ್ನು ಮತ್ತೆ ಎಬ್ಬಿಸಿದೆವು. ಎರಡು ಪರದೆಗಳೂ ಒಟ್ಟಿಗೆ ಬೆಳಗಿದವು. ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸು ಒಂದು, ಮೇಲೆ ಹಾಕಿದ ಕಾರ್ಡು ಇನ್ನೊಂದು. ಕಂಪನಿಗಳು ಬೇರೆಯಾದದ್ದರಿಂದ ಡ್ರೈವರುಗಳ ಜಗಳವೂ ಇಲ್ಲ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರೆಂಬ ಗಾದೆ ನಮ್ಮಂಥವರನ್ನು ನೋಡಿಯೇ ಹುಟ್ಟಿರಬೇಕು. ಶಿಷ್ಯನ ಮುಖ ಸಣ್ಣದಾಯಿತು. “ಬೇಜಾರು ಮಾಡಿಕೊಳ್ಳಬೇಡಪ್ಪಾ, ಹತ್ತನೆಯ ತರಗತಿಯಲ್ಲೂ ನೀನು ಪಠ್ಯಪುಸ್ತಕ ಬಿಟ್ಟು ಗೈಡು ಓದುತ್ತಿದ್ದೆ” ಎಂದೆ. ಇಬ್ಬರೂ ನಕ್ಕೆವು.

ಇದರ ಹಿನ್ನೆಲೆಯನ್ನು ಆಮೇಲೆ ಓದಿ ತಿಳಿದುಕೊಂಡೆ; ಆಸಕ್ತರಿಗಾಗಿ ಎರಡು ಮಾತು. ಒಂದು ಗಣಕಕ್ಕೆ ಹಲವು ಪರದೆಗಳೆಂಬುದು ಹೊಸ ಸಂಗತಿಯಲ್ಲ. 1987ರ ಮ್ಯಾಕಿಂಟಾಷ್ 2 ಯಂತ್ರದಲ್ಲೇ ಹೆಚ್ಚಿನ ಕಾರ್ಡುಗಳನ್ನು ಹಾಕಿ ಹೆಚ್ಚಿನ ಪರದೆಗಳನ್ನು ಜೋಡಿಸಬಹುದಿತ್ತು. ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದ ವಿಂಡೋಸಿಗೆ ಆ ಸೌಲಭ್ಯ ಬಂದದ್ದು 1998ರ ಆವೃತ್ತಿಯಲ್ಲಿ. 2007ರಲ್ಲಿ ಬಂದ ವಿಸ್ತಾ ಆವೃತ್ತಿಯ ಹೊಸ ಬಗೆಯ ವ್ಯವಸ್ಥೆಯಲ್ಲಿ ಎಲ್ಲ ಕಾರ್ಡುಗಳೂ ಒಂದೇ ಡ್ರೈವರನ್ನು ಬಳಸಬೇಕೆಂಬ ಕಟ್ಟುಪಾಡಿತ್ತು. 2009ರ ವಿಂಡೋಸ್ 7ರಲ್ಲಿ ಅದನ್ನು ಸಡಿಲಿಸಿದರು. ಎರಡು ಕಾರ್ಡು ಎಂದೊಡನೆ ಕೆಲವರು ಎಸ್‌ಎಲ್‌ಐ, ಕ್ರಾಸ್‌ಫೈರ್ ಎಂಬ ಹೆಸರುಗಳನ್ನು ಹೇಳಿ ಹೆದರಿಸುತ್ತಾರೆ. ಅವು ಎರಡು ಕಾರ್ಡುಗಳ ಶಕ್ತಿಯನ್ನು ಸೇರಿಸಿ ಆಟದ ಚಿತ್ರವನ್ನು ವೇಗವಾಗಿ ಬಿಡಿಸುವ ಏರ್ಪಾಡುಗಳು. ಒಂದೇ ಗಾಡಿಗೆ ಎರಡು ಎತ್ತು ಕಟ್ಟಿದ ಹಾಗೆ. ನಮಗೆ ಬೇಕಾದದ್ದು ಎರಡು ಗಾಡಿಗೆ ಒಂದೊಂದು ಎತ್ತು. ಅದಕ್ಕೆ ಆ ದುಬಾರಿ ನೊಗದ ಅಗತ್ಯವಿಲ್ಲ.

ಇನ್ನೊಂದು ದೌರ್ಬಲ್ಯವನ್ನೂ ಒಪ್ಪಿಕೊಳ್ಳಬೇಕು. ಎರಡು ಪರದೆ ಕೂಡಿಬಂದ ಮೇಲೆ ಮೂರನೆಯದರ ಆಸೆ ಹುಟ್ಟಿತು. ನಿಘಂಟಿಗೊಂದು ಪರದೆ ಇದ್ದರೆ ಎಷ್ಟು ಚೆನ್ನ! ಶಿಷ್ಯನ ಅಟ್ಟದಿಂದ ಇನ್ನೊಂದನ್ನು ತಂದು, ಈ ಸಲ ಒಳ್ಳೆಯ ಪರಿವರ್ತಕವನ್ನು ಹಾಕಿ, ಕಾರ್ಡಿನ ಎಚ್‌ಡಿಎಂಐ ಕಿಂಡಿಗೆ ಜೋಡಿಸಿದೆ. ಕೆಲಸ ಮಾಡಿತು. ಆದರೆ ಹದಿನೈದು ದಿನಗಳಲ್ಲಿ ಕುತ್ತಿಗೆ ನೋವು ಬಂತು. ನಿಘಂಟಿನ ಜಾಗದಲ್ಲಿ ಮಿಂಚಂಚೆ ಬಂದು ಕುಳಿತಿತು. ಬರೆಯುವ ನಡುವೆ ಯಾರ ಪತ್ರ ಬಂತೆಂದು ಕಣ್ಣು ಅತ್ತ ಹರಿಯತೊಡಗಿತು. ಕಣ್ತಪ್ಪನ್ನು ತಡೆಯಲು ತಂದ ವಸ್ತುವೇ ಕಣ್ತಪ್ಪಿಗೆ ಕಾರಣವಾಗುತ್ತಿತ್ತು. ಅದನ್ನು ಪಕ್ಕದ ಬೀದಿಯ ಓದುವ ಹುಡುಗನೊಬ್ಬನಿಗೆ ಕೊಟ್ಟುಬಿಟ್ಟೆ. ಮೂಲಕ್ಕೊಂದು, ನಕಲಿಗೊಂದು, ಮೂರನೆಯದು ಚಪಲಕ್ಕೆ.

ನನ್ನ ಅಭಿಪ್ರಾಯಕ್ಕೆ ಆಕ್ಷೇಪಣೆಗಳಿಲ್ಲವೆಂದಲ್ಲ. ಒಂದು ದೊಡ್ಡ ಹೊಸ ಪರದೆಯನ್ನು ಕೊಂಡು ಎರಡು ಕಿಟಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಂಡರೆ ಇದೆಲ್ಲ ರಗಳೆಯೇ ಇಲ್ಲ ಎಂದು ಅಳಿಯಂದಿರು ಹೇಳಿದರು. ಕೊಳ್ಳುವ ಶಕ್ತಿಯಿರುವವರಿಗೆ ಆ ಮಾತು ನ್ಯಾಯವೇ. ಒಂದೇ ಪರದೆಯಾದರೆ ಬಣ್ಣ, ಎತ್ತರ, ಬೆಳಕು ಎಲ್ಲವೂ ಸಮ. ಹಳೆಯ ಎರಡು ಪರದೆಗಳು ಹೆಚ್ಚು ವಿದ್ಯುತ್ತನ್ನು ತಿನ್ನುತ್ತವೆ. ನಮ್ಮಲ್ಲಿ ಕರೆಂಟು ಹೋದಾಗ ಯುಪಿಎಸ್ ಬೇಗ ಕೈಚೆಲ್ಲುತ್ತದೆ. ವಿಜಿಎಯ ಅಕ್ಷರಗಳು ಕೆಲವೊಮ್ಮೆ ಮಂಜು ಕವಿದಂತೆ ಕಾಣುತ್ತವೆ. ಆಗ ಪರದೆಯ ಸಹಜ ಅಳತೆಯನ್ನೇ ಆರಿಸಿ, ಮಾನಿಟರಿನ ಅಂಚಿನಲ್ಲಿರುವ ‘ಆಟೋ’ ಗುಂಡಿಯನ್ನು ಒಮ್ಮೆ ಒತ್ತಬೇಕು. ಇದೆಲ್ಲ ನಿಜ.

ಆದರೂ ನನ್ನ ವಾದ ಹಣದ್ದು ಮಾತ್ರವಲ್ಲ. ಮಾನಿಟರು, ಕಾರ್ಡು, ಕೇಬಲು, ನಾಲ್ಕು ಜಿಬಿಯ ಹೆಚ್ಚುವರಿ ರ‍್ಯಾಮ್ ಎಲ್ಲ ಸೇರಿ ನನಗೆ ಆದ ಖರ್ಚು ನಾಲ್ಕು ಸಾವಿರ ದಾಟಲಿಲ್ಲ, ಅದು ಸರಿ. ಅದಕ್ಕಿಂತ ಮುಖ್ಯವಾದದ್ದು, ಇರುವುದನ್ನು ತಿಳಿಯುವ ಮೊದಲೇ ಎಸೆಯುವ ನಮ್ಮ ಅಭ್ಯಾಸ. ನನ್ನ ಗಣಕಕ್ಕೆ ಎರಡು ಪರದೆ ನಡೆಸುವ ಶಕ್ತಿಯ ಅರ್ಧ ಭಾಗ ಹುಟ್ಟಿನಿಂದಲೇ ಇತ್ತು. ಹತ್ತು ವರ್ಷ ನಾನು ಅದರ ಬೆನ್ನನ್ನೇ ನೋಡಿರಲಿಲ್ಲ. ವಿದ್ಯುನ್ಮಾನ ತ್ಯಾಜ್ಯದ ನಿರ್ವಹಣೆಗೆ ನಮ್ಮ ದೇಶದಲ್ಲಿ 2022ರ ನಿಯಮಗಳಿವೆ, 2023ರ ಏಪ್ರಿಲ್ 1ರಿಂದ ಅವು ಜಾರಿಯಲ್ಲಿವೆ. ಆದರೆ ಯಾವ ನಿಯಮವೂ ಒಂದು ವಸ್ತುವನ್ನು ಇನ್ನೈದು ವರ್ಷ ದುಡಿಸಿಕೊಳ್ಳುವುದಕ್ಕೆ ಸಮನಾಗದು.

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಾಗ “ಈಗಲಾದರೂ ಬಿಡಿ” ಎಂದರು. ಹನ್ನೊಂದನೆಯ ಆವೃತ್ತಿಯ ನಿಯಮಗಳ ಪ್ರಕಾರ ನನ್ನ ಪ್ರೊಸೆಸರ್ ಅನರ್ಹ. ಶಿಷ್ಯ ಬಂದು ಲಿನಕ್ಸ್ ಮಿಂಟ್ ಹಾಕಿಕೊಟ್ಟ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಅದರಲ್ಲೂ ಸಿಗುತ್ತದೆಯಾದ್ದರಿಂದ ನನ್ನ ಬೆರಳುಗಳಿಗೆ ಏನೂ ವ್ಯತ್ಯಾಸವಾಗಲಿಲ್ಲ. ಎರಡು ಪರದೆಗಳೂ ಎದ್ದವು.

ಆದ್ದರಿಂದ, ನಿಮ್ಮಲ್ಲಿ ಯಾರಿಗಾದರೂ ಇಂಥ ಕೆಲಸವಿದ್ದರೆ ಈ ಕ್ರಮದಲ್ಲಿ ಮುಂದುವರಿಯಿರಿ. ಮೊದಲು ಗಣಕದ ಬೆನ್ನು ನೋಡಿ. ಎರಡು ಕಿಂಡಿಗಳಿದ್ದರೆ ಒಂದು ಕೇಬಲಿನಲ್ಲಿ ಕೆಲಸ ಮುಗಿಯಬಹುದು. ಇಲ್ಲದಿದ್ದರೆ ಸಣ್ಣದೊಂದು ಕಾರ್ಡು ಹಾಕಿ, ಕೈಪಿಡಿ ಓದಿ, ಒಳಗಿನ ಗ್ರಾಫಿಕ್ಸನ್ನು ಎಬ್ಬಿಸಿ. ಇಂಟೆಲ್ ಪ್ರೊಸೆಸರಿನ ಸಂಖ್ಯೆಯ ಕೊನೆಯಲ್ಲಿ ‘ಎಫ್’ ಅಕ್ಷರವಿದ್ದರೆ ಅದರೊಳಗೆ ಗ್ರಾಫಿಕ್ಸ್ ಇರುವುದಿಲ್ಲ. ಆಗ ಹೊರಗಿನ ಕಾರ್ಡಿನ ಕಿಂಡಿಗಳನ್ನೇ ನಂಬಬೇಕು. ಎರಡು ಹೊರಗಿನ ಕಾರ್ಡುಗಳು ಅನಿವಾರ್ಯವಾದರೆ ಎರಡೂ ಒಂದೇ ತಲೆಮಾರಿನವಾಗಿರಲಿ. ಕಡೆಗೆ, ‘ನಕಲಿಸು’ ಎಂಬುದರ ಬದಲು ‘ವಿಸ್ತರಿಸು’ ಎಂಬ ಆಯ್ಕೆ ಮಾಡಲು ಮರೆಯಬೇಡಿ.

ಎರಡು ಪರದೆ ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸ, ಎರಡೂ ನೋಟು ಪುಸ್ತಕಗಳನ್ನು ಮೊದಲಿನಿಂದ ತಾಳೆ ನೋಡಿದ್ದು. ಎಡಗಡೆಯ ಚೌಕದಲ್ಲಿ ತಂದೆಯವರ ಅಕ್ಷರ, ಬಲಗಡೆ ನನ್ನದು. ಒಂದೂವರೆ ತಿಂಗಳು ಹಿಡಿಯಿತು. ಕೈಬಿಟ್ಟ ಸಾಲುಗಳು ಇನ್ನೂ ನಾಲ್ಕು ಸಿಕ್ಕವು, ತಪ್ಪು ಅಂಕಿಗಳು ಒಂಬತ್ತು. ಒಂದು ಮನೆಯ ಇನ್ನೂರ ನಲವತ್ತು ಅಡಕೆ ಮರಗಳನ್ನು ನಾನು ಇಪ್ಪತ್ತನಾಲ್ಕು ಮಾಡಿದ್ದೆ. ಇಡೀ ತೋಟವೊಂದನ್ನು ನಾನೇ ಎರಡನೆಯ ಸಲ ಮುಳುಗಿಸಿದಂತಾಗಿತ್ತು. ತಿದ್ದುಪಡಿಯ ಚೀಟಿಯನ್ನು ಅಚ್ಚು ಹಾಕಿಸಿ ನಲವತ್ತು ಪ್ರತಿಗಳಿಗೂ ಕಳಿಸಿದ್ದೇನೆ. ಅಂಟಿಸಿಕೊಳ್ಳದವರು ದಯವಿಟ್ಟು ಅಂಟಿಸಿಕೊಳ್ಳಿ.

ಹೊಸನಗರದ ತಂಗಿ ದೀಪಾವಳಿಯ ಹೊತ್ತಿಗೆ ಮಗನೊಡನೆ ಬಂದಿದ್ದಳು. ಆ ಪುಟವನ್ನು ತೆಗೆದು ತೋರಿಸಿದೆ. ಎಡಗಡೆ ಮಸುಕಾದ ಶಾಯಿಯಲ್ಲಿ ಅವಳ ತಾಯಿಯ ಹೆಸರು, ಬಲಗಡೆ ಕಪ್ಪು ಅಚ್ಚಿನಲ್ಲಿ ಅದೇ ಹೆಸರು. ಅವಳು ಬಲಗಡೆ ನೋಡಲೇ ಇಲ್ಲ. ಎಡಗಡೆಯ ಪರದೆಯನ್ನು ಬೆರಳಿನಿಂದ ಮುಟ್ಟಿ, “ದೊಡ್ಡಪ್ಪ ಎಷ್ಟು ಚೆಂದ ಬರೀತಿದ್ರು” ಎಂದಳು. ಮಾನಿಟರಿನ ಮೇಲೆ ಬೆರಳಿನ ಗುರುತು ಮೂಡಿತು; ಒರೆಸಲು ಮನಸ್ಸಾಗದೆ ಕೆಲವು ದಿನ ಹಾಗೆಯೇ ಬಿಟ್ಟಿದ್ದೆ.

ನಿಮ್ಮ ಮನೆಗಳಲ್ಲಿ ಹೀಗೆ ಹಿರಿಯರು ಬರೆದಿಟ್ಟ ಕಡತಗಳು ಇದ್ದೇ ಇರುತ್ತವೆ. ಅಟ್ಟದ ಮೇಲೆ ಹಳೆಯ ಮಾನಿಟರುಗಳೂ ಇರುತ್ತವೆ. ಎರಡನ್ನೂ ಕೆಳಗಿಳಿಸಿ. ಜೋಡಿಸುವುದರಲ್ಲಿ ತೊಡಕು ಬಂದರೆ ನನಗೆ ಬರೆಯಿರಿ. ನನಗೆ ತಿಳಿಯದಿದ್ದರೆ ದುರ್ಗಿಗುಡಿಯ ಶಿಷ್ಯನಿದ್ದಾನೆ. ಅವನು ಈಗ ಕೈಪಿಡಿ ಓದುತ್ತಾನೆ.